ಒಲೆಯ ಮುಂದಿನ ಪತ್ತೇದಾರ



ಕಣ್ಣು ಮುಚ್ಚಿ ಒಂದು ಅಡುಗೆಮನೆಯನ್ನು ನೆನೆದುಕೊಳ್ಳಿ. ಮನೆಯದಲ್ಲ, ಹೋಟೆಲಿನದು. ಮಧ್ಯಾಹ್ನದ ಊಟದ ಹೊತ್ತು. ಒಲೆಯ ಮೇಲೆ ಎರಡು ಮೂರು ಪಾತ್ರೆಗಳು ಕುದಿಯುತ್ತಿವೆ. ಹೊರಗೆ ಗಿರಾಕಿಗಳು ಬಂದು ಕುಳಿತಾಗಿದೆ. ಒಲೆಯ ಮುಂದೆ ಒಬ್ಬ ಭಾರೀ ಮೈಯ ಮನುಷ್ಯ ನಿಂತಿದ್ದಾನೆ. ಏಪ್ರನ್ ಕಟ್ಟಿಕೊಂಡಿದ್ದಾನೆ. ಮೈ ಭಾರ, ಕೈ ಮಾತ್ರ ಬಹಳ ಹಗುರ. ಚಮಚದ ತುದಿಯಲ್ಲಿ ಒಂದಿಷ್ಟು ರಸ ತೆಗೆದು ನಾಲಿಗೆಗೆ ತಾಗಿಸುತ್ತಾನೆ. ಒಂದು ಚಿಟಿಕೆ ಉಪ್ಪು ಉದುರಿಸುತ್ತಾನೆ. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಪೊಲೀಸ್ ಇಲಾಖೆಯ ಮೇಲಧಿಕಾರಿ. ಎಲ್ಲೋ ಏನೋ ಅಪರಾಧ ನಡೆದಿದೆ. ಈ ಗಳಿಗೆಯೇ ಹೊರಟು ಬರಬೇಕು. ಅವನು ಫೋನು ಹಿಡಿದುಕೊಂಡೇ ಒಲೆಯ ಕಡೆ ನೋಡುತ್ತಾನೆ. ಅವನ ಮುಖದಲ್ಲಿ ಆಗ ಮೂಡುವ ಸಂಕಟವಿದೆಯಲ್ಲ, ಅದನ್ನು ನಾನು ನಿಮಗೆ ಬಾನುಲಿಯಲ್ಲಿ ತೋರಿಸಲಾರೆ. ಮಗುವಿಗೆ ಊಟ ಮಾಡಿಸುತ್ತಿದ್ದ ತಾಯಿಯನ್ನು ಯಾರೋ ಅರ್ಧಕ್ಕೆ ಎಬ್ಬಿಸಿದರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ.

ಈ ಮನುಷ್ಯನ ಹೆಸರು ಹೆನ್ರಿ ಕ್ರ್ಯಾಬ್. ಇಂಗ್ಲೆಂಡಿನ ಬಿಬಿಸಿ ದೂರದರ್ಶನ 1994ರ ಮಾರ್ಚ್‌ನಿಂದ 1997ರ ಆಗಸ್ಟ್‌ವರೆಗೆ ಪ್ರಸಾರ ಮಾಡಿದ ಒಂದು ಧಾರಾವಾಹಿಯ ನಾಯಕ. ಧಾರಾವಾಹಿಯ ಹೆಸರು ‘ಪೈ ಇನ್ ದ ಸ್ಕೈ’. ಇದನ್ನು ರೂಪಿಸಿದವರು ಆಂಡ್ರ್ಯೂ ಪೇನ್. ಒಟ್ಟು ನಲವತ್ತು ಕಂತು. ಬ್ರಿಟನ್ನಿನಲ್ಲಿ ಅಪರಾಧ ಕತೆಗಳ ಧಾರಾವಾಹಿಗೆ ಬರವಿಲ್ಲ. ಅವುಗಳಲ್ಲಿ ಒಂದು ಬಗೆ ತೀರ ಹಗುರವಾದದ್ದು. ರಕ್ತ ಕಡಿಮೆ, ನಗು ಹೆಚ್ಚು. ಆ ಬಗೆಯಲ್ಲಿಯೇ ಒಂದು ಸಣ್ಣ ಕವಲಿದೆ. ಅಲ್ಲಿ ಅಪರಾಧದ ಪಕ್ಕದಲ್ಲೇ ಊಟವಿರುತ್ತದೆ. ಇವತ್ತು ನಾನು ಮಾತಾಡುವುದು ಆ ಕವಲಿನ ಬಗ್ಗೆ. ಹೆಚ್ಚಿನ ಹೊತ್ತು ಕ್ರ್ಯಾಬನ ಅಡುಗೆಮನೆಯಲ್ಲೇ ಇರುತ್ತೇನೆ. ನಡುವೆ ಒಂದೆರಡು ಬೇರೆ ಮನೆಗಳಿಗೂ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಮೊದಲು ಕತೆಯ ಎಳೆ ಹೇಳಿಬಿಡುತ್ತೇನೆ. ಕ್ರ್ಯಾಬ್ ಪೊಲೀಸ್ ಇನ್ಸ್‌ಪೆಕ್ಟರ್. ಇಪ್ಪತ್ತೈದು ವರ್ಷ ಕೆಲಸ ಮಾಡಿದ್ದಾನೆ. ಪತ್ತೇದಾರಿಯಲ್ಲಿ ಎತ್ತಿದ ಕೈ. ಆದರೆ ಅವನ ಜೀವವೆಲ್ಲ ಅಡುಗೆಯಲ್ಲಿ. ನಿವೃತ್ತಿ ತೆಗೆದುಕೊಂಡು ಒಂದು ಊಟದ ಮನೆ ನಡೆಸಬೇಕು. ಅದೊಂದೇ ಆಸೆ. ಮೇಲಧಿಕಾರಿ ಫ್ರೆಡ್ಡಿ ಫಿಷರ್ ಬಿಡುವುದಿಲ್ಲ. ಕ್ರ್ಯಾಬನ ಬುದ್ಧಿಯಿಂದ ಬಂದ ಗೆಲುವನ್ನು ತನ್ನ ಹೆಸರಿಗೆ ಬರೆದುಕೊಂಡು ಮೇಲೆ ಹತ್ತುವುದು ಅವನಿಗೆ ಅಭ್ಯಾಸವಾಗಿದೆ. ಹೀಗಿರುವಾಗ ಒಬ್ಬ ಅಪರಾಧಿಯನ್ನು ಬೆನ್ನಟ್ಟುವಾಗ ಕ್ರ್ಯಾಬನ ಕಾಲಿಗೆ ಗುಂಡು ತಗಲುತ್ತದೆ. ಅಪರಾಧಿ ತಪ್ಪಿಸಿಕೊಳ್ಳುತ್ತಾನೆ. ಲಂಚ ತಿಂದು ಬಿಟ್ಟಿರಬಹುದು ಎಂಬ ಅನುಮಾನ ಕ್ರ್ಯಾಬನ ಮೇಲೆ ಬರುತ್ತದೆ. ಫಿಷರ್ ಆ ಅನುಮಾನವನ್ನು ಹಗ್ಗ ಮಾಡಿಕೊಳ್ಳುತ್ತಾನೆ. ಹೋಟೆಲು ಬೇಕಾದರೆ ನಡೆಸು, ಕರೆದಾಗ ಮಾತ್ರ ಬರಬೇಕು ಎನ್ನುತ್ತಾನೆ. ಅಲ್ಲಿಂದ ಕ್ರ್ಯಾಬನಿಗೆ ಎರಡು ದೋಣಿಯ ಮೇಲೆ ಕಾಲು.

ನಮ್ಮಲ್ಲಿ ಹೊಟ್ಟೆಪಾಡಿನ ಕೆಲಸ ಒಂದು, ಮನಸ್ಸಿನ ಕೆಲಸ ಇನ್ನೊಂದು ಎನ್ನುವ ಮಾತಿದೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದುಕೊಂಡು ಸಂಜೆ ನಾಟಕ ಆಡಿದವರು, ಶಾಲೆಯಲ್ಲಿ ಪಾಠ ಹೇಳಿ ರಾತ್ರಿ ತಾಳಮದ್ದಳೆಗೆ ಕೂತವರು ನಿಮ್ಮಲ್ಲಿಯೂ ಇದ್ದಾರೆ. ಕ್ರ್ಯಾಬನ ವಿಷಯದಲ್ಲಿ ವಿಶೇಷ ಏನೆಂದರೆ, ಇನ್ನೊಬ್ಬರ ಹೊಟ್ಟೆ ತುಂಬಿಸುವುದೇ ಅವನ ಮನಸ್ಸಿನ ಕೆಲಸ.

ಹೋಟೆಲು ಇರುವುದು ಮಿಡಲ್‌ಟನ್ ಎಂಬ ಊರಿನಲ್ಲಿ, ವೆಸ್ಟರ್‌ಶೈರ್ ಜಿಲ್ಲೆಯಲ್ಲಿ. ನಕ್ಷೆಯಲ್ಲಿ ಹುಡುಕಬೇಡಿ, ಎರಡೂ ಕಲ್ಪನೆಯವು. ಚಿತ್ರೀಕರಣ ಮಾಡಿದ್ದು ಲಂಡನ್ನಿನ ಉತ್ತರಕ್ಕಿರುವ ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನ ಹಳೆಯ ಪೇಟೆಬೀದಿಯಲ್ಲಿ.

ಹೋಟೆಲಿಗೂ ಅದೇ ಹೆಸರು, ‘ಪೈ ಇನ್ ದ ಸ್ಕೈ’. ಪದಶಃ ಹೇಳಿದರೆ ಆಕಾಶದಲ್ಲಿರುವ ಪೈ. ಇಂಗ್ಲಿಷಿನಲ್ಲಿ ಇದೊಂದು ನುಡಿಗಟ್ಟು. ನಾವು ಕನ್ನಡಿಯೊಳಗಿನ ಗಂಟು ಎನ್ನುತ್ತೇವಲ್ಲ, ಅದೇ ಅರ್ಥ. ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಈ ನುಡಿಗಟ್ಟಿನ ಹುಟ್ಟಿನ ಕತೆ ನನಗೆ ಬಹಳ ಮುಖ್ಯವೆನಿಸುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜೋ ಹಿಲ್ ಎಂಬ ಕಾರ್ಮಿಕ ಸಂಘಟಕನಿದ್ದ. ಹಾಡು ಕಟ್ಟುತ್ತಿದ್ದ. 1911ರಲ್ಲಿ ಒಂದು ಹಾಡು ಬರೆದ. ಹಸಿದ ಕೂಲಿಗಾರ ಅನ್ನ ಕೇಳಿದರೆ ಬೋಧಕರು ಏನು ಹೇಳುತ್ತಾರೆ? ಈಗ ತಾಳಿಕೋ, ಸತ್ತ ಮೇಲೆ ಸ್ವರ್ಗದಲ್ಲಿ ನಿನಗೆ ಪೈ ಸಿಗುತ್ತದೆ ಎನ್ನುತ್ತಾರೆ. ಹಾಡಿನ ತಿರುಳು ಇದು. ಆ ಹಾಡಿನಿಂದ ಈ ಮಾತು ಇಂಗ್ಲಿಷಿಗೆ ಬಂತು.

ಜೋ ಹಿಲ್ಲನ ಕೊನೆಯೂ ಒಂದು ಅಪರಾಧದ ಕತೆಯೇ. 1914ರ ಜನವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಒಬ್ಬ ದಿನಸಿ ಅಂಗಡಿಯವನ ಕೊಲೆಯಾಯಿತು. ಆ ಅಂಗಡಿಯವನು ಮೊದಲು ಪೊಲೀಸನಾಗಿದ್ದವನು. ಕೊಲೆಯ ಆರೋಪ ಜೋ ಹಿಲ್ಲನ ಮೇಲೆ ಬಂತು. ನಾನು ನಿರಪರಾಧಿ ಎಂದು ಕೊನೆಯವರೆಗೂ ಹೇಳಿದ. 1915ರಲ್ಲಿ ಗುಂಡಿಕ್ಕಿ ಅವನಿಗೆ ಮರಣದಂಡನೆ ಕೊಟ್ಟರು. ಪೊಲೀಸ್ ಕೆಲಸ ಬಿಟ್ಟು ಜನರಿಗೆ ದಿನಸಿ ಮಾರುತ್ತಿದ್ದ ಒಬ್ಬ ಮನುಷ್ಯ. ಹಸಿದವರ ಪರವಾಗಿ ಹಾಡಿದ ಇನ್ನೊಬ್ಬ. ಇಬ್ಬರೂ ಹೀಗೆ ಹೋದರು. ಎಂಬತ್ತು ವರ್ಷದ ನಂತರ ಅದೇ ಹಾಡಿನ ಮಾತನ್ನು ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ತನ್ನ ಹೋಟೆಲಿನ ಫಲಕಕ್ಕೆ ಬರೆಸುತ್ತಾನೆ. ಧಾರಾವಾಹಿಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ನನಗೆ ಆ ಫಲಕ ಕಂಡಾಗಲೆಲ್ಲ ಜೋ ಹಿಲ್ ನೆನಪಾಗುತ್ತಾನೆ. ಆಕಾಶದಲ್ಲಿ ನೇತಾಡುತ್ತಿದ್ದ ಪೈಯನ್ನು ಇಳಿಸಿ ಮೇಜಿನ ಮೇಲೆ ಇಟ್ಟ ಹಾಗೆ ಕಾಣುತ್ತದೆ.

ಹೆಸರಿನ ಕತೆ ಹೇಳಿದ್ದಾಯಿತು. ಈಗ ಪೈಯ ಕತೆಗೆ ಬರೋಣ. ಏಕೆಂದರೆ ಕ್ರ್ಯಾಬನ ಹೋಟೆಲಿನಲ್ಲಿ ಮುಖ್ಯ ತಿನಿಸೇ ಅದು. ದನದ ಮಾಂಸ ಮತ್ತು ಕಿಡ್ನಿ ತುಂಬಿದ ಪೈ. ಆಂಗ್ಲರಿಗೆ ಇದು ಅಜ್ಜಿಯ ಕಾಲದ ಅಡುಗೆ. ನಾನು ಸಸ್ಯಾಹಾರಿ. ಈ ಪೈಯ ರುಚಿ ನೋಡಿದವನಲ್ಲ. ಆದರೆ ಮಾಡುವ ಕ್ರಮವನ್ನು ಬಹಳ ಆಸ್ಥೆಯಿಂದ ತಿಳಿದುಕೊಂಡಿದ್ದೇನೆ. ಕಣಕ, ಹೂರಣ ಎರಡೂ ಇರುವ ಅಡುಗೆ ಯಾವುದಿದ್ದರೂ ಕನ್ನಡದವರಿಗೆ ಅದು ಪೂರ್ತಿ ಪರಕೀಯವಾಗಲಾರದು.

ಹೋಳಿಗೆಯ ಕಣಕಕ್ಕೆ ನಾವೇನು ಮಾಡುತ್ತೇವೆ? ಎಣ್ಣೆ ಹಾಕಿ ನಾದುತ್ತೇವೆ. ಮತ್ತೆ ನಾದುತ್ತೇವೆ. ಎಳೆದರೆ ರಬ್ಬರಿನ ಹಾಗೆ ಬರಬೇಕು. ಪೈಯ ಕಣಕ ಇದಕ್ಕೆ ತದ್ವಿರುದ್ಧ. ಅದನ್ನು ನಾದಿದಷ್ಟೂ ಕೆಡುತ್ತದೆ. ಮೈದಾ ಹಿಟ್ಟಿಗೆ ತಣ್ಣಗಿನ ಬೆಣ್ಣೆಯ ತುಂಡುಗಳನ್ನು ಹಾಕಬೇಕು. ಬೆರಳ ತುದಿಯಲ್ಲಿ ಉಜ್ಜಬೇಕು. ಅಂಗೈ ತಾಗಿಸಬಾರದು, ಅಂಗೈ ಬಿಸಿ, ಬೆಣ್ಣೆ ಕರಗಿಬಿಡುತ್ತದೆ. ಉಜ್ಜುತ್ತಾ ಉಜ್ಜುತ್ತಾ ಹಿಟ್ಟು ದಪ್ಪ ರವೆಯ ಹಾಗೆ ಆಗಬೇಕು. ಆಮೇಲೆ ಎರಡು ಮೂರು ಚಮಚ ತಣ್ಣೀರು. ಉಂಡೆ ಕಟ್ಟಿತೋ, ಕೈ ತೆಗೆದುಬಿಡಬೇಕು. ಅರ್ಧ ಗಂಟೆ ತಂಪಿನಲ್ಲಿಟ್ಟು ಅದರ ಪಾಡಿಗೆ ಅದನ್ನು ಬಿಡಬೇಕು. ಹೂರಣಕ್ಕಾದರೆ ತಾಳ್ಮೆ ಬೇಕು. ಮಾಂಸವನ್ನು ಹುರಿದು, ಈರುಳ್ಳಿ ಹಾಕಿ, ಸಾರು ಹೊಯ್ದು, ಸಣ್ಣ ಉರಿಯಲ್ಲಿ ಸುಮಾರು ಎರಡು ಗಂಟೆ ಬೇಯಿಸುತ್ತಾರೆ. ತಣಿದ ಮೇಲೆ ಆಳವಾದ ತಟ್ಟೆಗೆ ಸುರಿದು, ಲಟ್ಟಿಸಿದ ಹಾಳೆಯನ್ನು ಮೇಲೆ ಮುಚ್ಚಿ, ಅಂಚನ್ನು ಕಡುಬಿನ ಅಂಚಿನ ಹಾಗೆ ಬೆರಳಿನಿಂದ ಒತ್ತುತ್ತಾರೆ. ನಡುವೆ ಒಂದು ಸೀಳು ಬಿಡುತ್ತಾರೆ. ಒಳಗಿನ ಹಬೆ ಹೋಗಲು ದಾರಿ ಬೇಕಲ್ಲ. ಕೆಲವು ಮನೆಗಳಲ್ಲಿ ಆ ಸೀಳಿನಲ್ಲಿ ಪಿಂಗಾಣಿಯ ಒಂದು ಪುಟ್ಟ ಕಪ್ಪು ಹಕ್ಕಿಯನ್ನು ನಿಲ್ಲಿಸುತ್ತಾರೆ. ಬಾಯಿ ತೆರೆದು ಮೇಲಕ್ಕೆ ನೋಡುತ್ತಿರುವ ಹಕ್ಕಿ. ಓವನ್ನಿನೊಳಗೆ ಪೈ ಬೇಯುವಾಗ ಅದರ ಕೊಕ್ಕಿನಿಂದ ಹಬೆ ಹೊರಡುತ್ತದೆ. ಈ ಹಕ್ಕಿಯನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತದೆ.

ಹೀಗೆ ಒಂದು ಕಡೆ ಕೈ ತೆಗೆಯುವುದು ಗೊತ್ತಿರಬೇಕು, ಇನ್ನೊಂದು ಕಡೆ ಕಾಯುವುದು ಗೊತ್ತಿರಬೇಕು. ಕ್ರ್ಯಾಬನಿಗೆ ಎರಡೂ ಗೊತ್ತು. ಮೊಟ್ಟೆಯ ವಿಷಯದಲ್ಲಂತೂ ಅವನು ಪೇಟೆಯನ್ನು ನಂಬುವುದಿಲ್ಲ. ಮನೆಯ ಹಿತ್ತಲಲ್ಲೇ ಕೋಳಿ ಸಾಕಿದ್ದಾನೆ. ಅವು ಸಂತೋಷವಾಗಿದ್ದು ಚೆನ್ನಾಗಿ ಮೊಟ್ಟೆಯಿಡಲಿ ಎಂದು ಎಲ್ಗರ್‌ನ ಸಂಗೀತ ಕೇಳಿಸುತ್ತಾನೆ. ಎಡ್ವರ್ಡ್ ಎಲ್ಗರ್ ಇಂಗ್ಲೆಂಡಿನ ಬಹಳ ದೊಡ್ಡ ಸಂಗೀತಕಾರ. ನೋಡುವವರಿಗೆ ನಗು ಬರುತ್ತದೆ. ಕ್ರ್ಯಾಬನಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಆ ಗಂಭೀರತೆಯೇ ನನಗೆ ಅವನನ್ನು ಹತ್ತಿರ ಮಾಡಿದ್ದು.

ಇಷ್ಟು ಹೊತ್ತು ಕ್ರ್ಯಾಬನ ಆಸೆ, ಅವನ ಹೋಟೆಲಿನ ಹೆಸರು, ಅವನ ಪೈ, ಇವುಗಳ ಬಗ್ಗೆ ಹೇಳಿದೆ. ಇನ್ನೊಂದು ಪ್ರಶ್ನೆ ಉಳಿದಿದೆ. ಇಂಗ್ಲೆಂಡಿನ ಜನ ಒಂದು ಪೈಯನ್ನು ಮುಂದಿಟ್ಟುಕೊಂಡು ನಾಲ್ಕು ವರ್ಷ ಧಾರಾವಾಹಿ ನೋಡಿದ್ದೇಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1940ರ ಜನವರಿಯಲ್ಲಿ, ಯುದ್ಧ ಶುರುವಾಗಿ ನಾಲ್ಕು ತಿಂಗಳಿಗೆ, ಬ್ರಿಟನ್ನಿನಲ್ಲಿ ಪಡಿತರ ಬಂತು. ಒಬ್ಬರಿಗೆ ವಾರಕ್ಕೆ ಬೆಣ್ಣೆ ಸುಮಾರು ಐವತ್ತು ಗ್ರಾಂ, ಮೊಟ್ಟೆ ಒಂದು, ಅದೂ ಸಿಕ್ಕರೆ. ಯುದ್ಧ ಮುಗಿದರೂ ಪಡಿತರ ಮುಗಿಯಲಿಲ್ಲ. ಯುದ್ಧದ ಕಾಲದಲ್ಲಿ ಇಲ್ಲದಿದ್ದ ಬ್ರೆಡ್ಡಿನ ಪಡಿತರ 1946ರಲ್ಲಿ ಬಂತು. ಮಾಂಸದ ಮೇಲಿನ ನಿಯಂತ್ರಣ ಹೋಗಿದ್ದು 1954ರ ಜುಲೈನಲ್ಲಿ. ಅಂದರೆ ಹದಿನಾಲ್ಕು ವರ್ಷ. ಒಂದು ತಲೆಮಾರಿನ ಮಕ್ಕಳು ತುಂಬಿದ ತಟ್ಟೆ ನೋಡದೆಯೇ ಬೆಳೆದರು. ಆ ಕಾಲದಲ್ಲಿ ಮಾಂಸವಿಲ್ಲದ ಒಂದು ಪೈ ಹುಟ್ಟಿತು. ಆಲೂಗಡ್ಡೆ, ಗಜ್ಜರಿ, ಹೂಕೋಸು, ಒಂದಿಷ್ಟು ಓಟ್ಸ್. ಇದನ್ನು ರೂಪಿಸಿದವರು ಲಂಡನ್ನಿನ ಸೆವಾಯ್ ಹೋಟೆಲಿನ ಮುಖ್ಯ ಬಾಣಸಿಗರು. ಆಗಿನ ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಅವರ ಹೆಸರಿನಲ್ಲಿ ಅದು ‘ವುಲ್ಟನ್ ಪೈ’ ಆಯಿತು. ನಮ್ಮಂಥ ಸಸ್ಯಾಹಾರಿಗಳಿಗೆ ಒಪ್ಪುವ ಪೈ. ಆದರೆ ಅಲ್ಲಿನವರಿಗೆ ಅದು ಬರಗಾಲದ ನೆನಪು.

ಆ ಬರದ ನಡುವೆ ಒಬ್ಬ ಮನುಷ್ಯ ಸಿಟ್ಟಾದ. ರೇಮಂಡ್ ಪೋಸ್ಟ್‌ಗೇಟ್ ಅಂತ. ಇತಿಹಾಸಕಾರ, ಪತ್ರಕರ್ತ. ಹೋಟೆಲುಗಳಲ್ಲಿ ತರಕಾರಿಯನ್ನು ಬೇಯಿಸಿ ಬೇಯಿಸಿ ಸಾಯಿಸುತ್ತಾರೆ, ಕೇಳುವವರೇ ಇಲ್ಲ ಎನ್ನುವುದು ಅವರ ಸಿಟ್ಟು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ಸಂಘವಿದೆ, ಆಹಾರದ ಮೇಲಿನ ಕ್ರೌರ್ಯ ತಡೆಯಲೂ ಒಂದು ಸಂಘ ಬೇಕು ಎಂದು ಬರೆದರು. ಜನ ಓಗೊಟ್ಟರು. ಊರೂರಿನ ಸಾಮಾನ್ಯ ಓದುಗರು ತಾವು ಉಂಡ ಊಟದ ವರದಿ ಕಳಿಸತೊಡಗಿದರು. ಅದರಿಂದ 1951ರಲ್ಲಿ ‘ಗುಡ್ ಫುಡ್ ಗೈಡ್’ ಎಂಬ ಪುಸ್ತಕ ಹೊರಬಂತು. ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಹೇಳುವ ಪುಸ್ತಕ. ವರದಿಗಾರರು ಗುಟ್ಟಾಗಿ ಹೋಗಬೇಕು, ಹಣ ಕೊಟ್ಟು ಉಣ್ಣಬೇಕು, ಪುಕ್ಕಟೆ ಏನನ್ನೂ ಮುಟ್ಟಬಾರದು.

ಇದು ಪತ್ತೇದಾರನ ಕೆಲಸವಲ್ಲದೆ ಮತ್ತೇನು? ಹಾಗೆ ನಿಮಗೆ ಅನ್ನಿಸಿದರೆ ಅದು ಸರಿಯೇ. ಏಕೆಂದರೆ ಇದೇ ಪೋಸ್ಟ್‌ಗೇಟ್ 1940ರಲ್ಲಿ ‘ವರ್ಡಿಕ್ಟ್ ಆಫ್ ಟ್ವೆಲ್ವ್’ ಎಂಬ ಅಪರಾಧ ಕಾದಂಬರಿ ಬರೆದವರು. ಹನ್ನೆರಡು ಜನ ಜ್ಯೂರಿಗಳು ಒಂದು ವಿಷಪ್ರಾಶನದ ಮೊಕದ್ದಮೆಯನ್ನು ಕೇಳುವ ಕತೆ ಅದು. ಬ್ರಿಟನ್ನಿನ ಊಟವನ್ನು ಸರಿಪಡಿಸಲು ಹೊರಟವರೂ ಅವರೇ, ಊಟದ ತಟ್ಟೆಯಲ್ಲಿ ವಿಷವಿರಬಹುದೆಂದು ಬರೆದವರೂ ಅವರೇ. ಅಡುಗೆಯನ್ನು ಪ್ರೀತಿಸುವ ಪತ್ತೇದಾರ ಟೀವಿಯಲ್ಲಿ ಕಾಣಿಸಿಕೊಂಡಿದ್ದು 1994ರಲ್ಲಿ. ಅವನ ವಂಶವೃಕ್ಷ ಬರೆಯುವುದಾದರೆ ನಾನು ಪೋಸ್ಟ್‌ಗೇಟರಿಂದಲೇ ಆರಂಭಿಸುತ್ತೇನೆ.

ಇನ್ನೊಂದು ಮಾತು ಸೇರಿಸಬೇಕು. ಧಾರಾವಾಹಿ ನಡೆಯುತ್ತಿದ್ದ ವರ್ಷಗಳಲ್ಲೇ ಬ್ರಿಟನ್ನಿಗೆ ಹುಚ್ಚು ಹಸು ರೋಗದ ಭಯ ಬಡಿಯಿತು. 1996ರ ಮಾರ್ಚ್‌ನಲ್ಲಿ ಸರಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು, ದನಗಳ ಆ ರೋಗಕ್ಕೂ ಮನುಷ್ಯರ ಮೆದುಳಿನ ಒಂದು ಮಾರಕ ರೋಗಕ್ಕೂ ಸಂಬಂಧವಿರುವ ಸಂಭವವಿದೆ ಎಂದು. ಒಂದು ವಾರದೊಳಗೆ ಯುರೋಪು ಬ್ರಿಟಿಷ್ ದನದ ಮಾಂಸಕ್ಕೆ ಬಾಗಿಲು ಹಾಕಿತು. ಲಕ್ಷ ಲಕ್ಷ ದನಗಳನ್ನು ಕೊಂದು ಸುಟ್ಟರು. ತಟ್ಟೆಯಲ್ಲಿರುವುದನ್ನು ನಂಬಬಹುದೇ ಎಂದು ಪ್ರತಿ ಮನೆಯಲ್ಲಿ ಕೇಳಿಕೊಳ್ಳುತ್ತಿದ್ದ ಕಾಲ. ಆ ಕಾಲದಲ್ಲಿ ವಾರಕ್ಕೊಮ್ಮೆ ಟೀವಿಯಲ್ಲಿ ಒಬ್ಬ ಬರುತ್ತಿದ್ದ. ತನ್ನ ಕೋಳಿ ಗೊತ್ತಿರುವವನು. ತನ್ನ ತರಕಾರಿ ಯಾವ ಮಣ್ಣಿನದೆಂದು ಗೊತ್ತಿರುವವನು. ಜನ ಅವನನ್ನು ಯಾಕೆ ನೆಚ್ಚಿಕೊಂಡರು ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸರಿ, ಹಸಿವಿನ ಕಾಲ ನೋಡಿದೆವು, ಭಯದ ಕಾಲವನ್ನೂ ನೋಡಿದೆವು. ಈಗ ಕ್ರ್ಯಾಬನ ಮನೆಯಿಂದ ಹೊರಟು, ಹೇಳಿದ್ದೆನಲ್ಲ, ಒಂದೆರಡು ಬೇರೆ ಮನೆಗೆ ಹೋಗಿ ಬರೋಣ. ಅಡುಗೆಗೂ ಪತ್ತೇದಾರಿಗೂ ಒಳಗೊಳಗೇ ಒಂದು ನಂಟಿದೆ, ಅದನ್ನು ತೋರಿಸಬೇಕು.

ನಮ್ಮ ದೂರದರ್ಶನದಲ್ಲಿ 1985ರ ಹೊತ್ತಿಗೆ ಬಂದ ‘ಕರಮ್‌ಚಂದ್’ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಂಕಜ್ ಕಪೂರ್ ಸದಾ ಗಜ್ಜರಿ ಕಚ್ಚುತ್ತಾ ಕೊಲೆಗಾರನನ್ನು ಹಿಡಿಯುತ್ತಿದ್ದರು. ಅಲ್ಲಿ ಗಜ್ಜರಿ ಒಂದು ಚಾಳಿ. ಗಜ್ಜರಿಯಿಂದ ಸುಳಿವು ಸಿಗುತ್ತಿರಲಿಲ್ಲ. ಊಟದಿಂದಲೇ ಸುಳಿವು ಸಿಗುವ ಕತೆಯೊಂದನ್ನು ಈಗ ಹೇಳುತ್ತೇನೆ.

ಅಗಾಥಾ ಕ್ರಿಸ್ಟಿಯ ಒಂದು ಸಣ್ಣ ಕತೆ. 1989ರಲ್ಲಿ ಡೇವಿಡ್ ಸುಷೆ ಪಾತ್ರ ಮಾಡಿದ ‘ಪಾಯ್ರೋ’ ಧಾರಾವಾಹಿಯ ಮೊದಲ ಕಂತುಗಳಲ್ಲೇ ಬಂತು. ಕತೆಯ ಹೆಸರು ‘ಫೋರ್ ಅಂಡ್ ಟ್ವೆಂಟಿ ಬ್ಲ್ಯಾಕ್‌ಬರ್ಡ್ಸ್’. ಅಂದರೆ ಇಪ್ಪತ್ನಾಲ್ಕು ಕಪ್ಪು ಹಕ್ಕಿಗಳು. ಪೈಯೊಳಗೆ ಹಕ್ಕಿಗಳನ್ನು ಇಟ್ಟು ಬೇಯಿಸಿದರು ಎಂಬ ಒಂದು ಹಳೆಯ ಶಿಶುಗೀತೆ ಇಂಗ್ಲಿಷಿನಲ್ಲಿದೆ. ಆಗಲೇ ಹೇಳಿದ ಪಿಂಗಾಣಿಯ ಹಕ್ಕಿಯನ್ನು ನೋಡಿದಾಗ ಯಾವ ಇಂಗ್ಲಿಷ್ ಮಗುವಿಗೂ ಆ ಗೀತೆ ನೆನಪಾಗದೆ ಇರುವುದಿಲ್ಲ.

ಕತೆ ಹೀಗಿದೆ. ಒಬ್ಬ ಮುದುಕ. ವರ್ಷಗಳಿಂದ ಒಂದೇ ಹೋಟೆಲಿಗೆ, ವಾರದ ಅವೇ ಎರಡು ದಿನ ಊಟಕ್ಕೆ ಬರುತ್ತಾನೆ. ತಿನ್ನುವುದು ಅವೇ ತಿಂಡಿ. ಅವನಿಗೆ ಸೇರದ ವಸ್ತುಗಳು ಇಂಥವೆಂದು ಹೋಟೆಲಿನ ಹುಡುಗಿಗೆ ಬಾಯಿಪಾಠವಾಗಿದೆ. ಒಂದು ವಾರ ಅವನು ಬಾರದ ದಿನ ಬಂದ. ಎಂದೂ ಮುಟ್ಟದ ಗಟ್ಟಿ ಸೂಪ್ ತರಿಸಿಕೊಂಡ. ಎಂದೂ ಮುಟ್ಟದ ಮಾಂಸ ಮತ್ತು ಕಿಡ್ನಿಯ ಕಡುಬು ತಿಂದ. ಕೊನೆಗೆ ಬ್ಲ್ಯಾಕ್‌ಬೆರಿ ಹಣ್ಣಿನ ಸಿಹಿ ತಿಂದ. ಹುಡುಗಿ ಇದನ್ನು ಗಮನಿಸಿದಳು. ಗಮನಿಸಿದ್ದನ್ನು ಊಟಕ್ಕೆ ಕೂತಿದ್ದ ಪತ್ತೇದಾರ ಪಾಯ್ರೋಗೆ ಹೇಳಿದಳು. ಕೆಲವು ದಿನಗಳಲ್ಲಿ ಮುದುಕ ಮನೆಯ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದ ಸುದ್ದಿ ಬಂತು. ಕಾಲು ಜಾರಿ ಬಿದ್ದ ಎಂದುಕೊಂಡರು ಎಲ್ಲರೂ.

ಪಾಯ್ರೋ ಮಾತ್ರ ಅವನ ಹಲ್ಲಿನ ಬಗ್ಗೆ ವಿಚಾರಿಸುತ್ತಾನೆ. ನೇರಳೆ ಹಣ್ಣು ತಿಂದ ಮಕ್ಕಳು ನಾಲಿಗೆ ಚಾಚಿ ಬಣ್ಣ ತೋರಿಸುವುದನ್ನು ನೀವು ನೋಡಿದ್ದೀರಿ. ಬ್ಲ್ಯಾಕ್‌ಬೆರಿಯೂ ಹಾಗೆಯೇ, ಬಾಯಿಗೆ ಬಣ್ಣ ಹಿಡಿಸುತ್ತದೆ. ಸತ್ತವನ ಹಲ್ಲಿನಲ್ಲಿ ಬಣ್ಣವಿರಲಿಲ್ಲ. ಅಂದಮೇಲೆ ಹೋಟೆಲಿನಲ್ಲಿ ಕೂತು ಬ್ಲ್ಯಾಕ್‌ಬೆರಿ ತಿಂದವನು ಮುದುಕನಲ್ಲ. ಅವನ ವೇಷ ಹಾಕಿದ ಇನ್ನೊಬ್ಬ. ಗಡ್ಡ, ನಡಿಗೆ, ಬಟ್ಟೆ ಎಲ್ಲವನ್ನೂ ಆ ಇನ್ನೊಬ್ಬ ನಕಲು ಮಾಡಿದ್ದ. ನಾಲಿಗೆಯ ಇಷ್ಟಾನಿಷ್ಟವನ್ನು ನಕಲು ಮಾಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಈ ಕತೆಯಲ್ಲಿ ಪಾಯ್ರೋನ ಬುದ್ಧಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆ ಹುಡುಗಿಯ ಕಣ್ಣು. ಆ ಮುದುಕನಿಗೆ ಹತ್ತಿರದವರೆಂದು ಹೇಳಿಕೊಳ್ಳಲು ಹೆಚ್ಚು ಜನರಿರಲಿಲ್ಲ. ಅವನಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಈ ಪ್ರಪಂಚದಲ್ಲಿ ಬಲ್ಲವಳು ಊಟ ಬಡಿಸುವವಳು. ನಮ್ಮ ಊರಿನ ಸಣ್ಣ ಹೋಟೆಲುಗಳಲ್ಲೂ ಅಂಥ ಮಾಣಿಗಳಿರುತ್ತಾರೆ. ನೀವು ಕುರ್ಚಿ ಎಳೆಯುವ ಮೊದಲೇ, ಸಕ್ಕರೆ ಕಡಿಮೆ ಕಾಫಿ ಒಂದು ಎಂದು ಒಳಗೆ ಕೂಗಿರುತ್ತಾರೆ. ನೀವು ನಾಲ್ಕು ದಿನ ಬಾರದಿದ್ದರೆ ಕೇಳುತ್ತಾರೆ.

ಬಡಿಸುವವಳ ಕಣ್ಣಿನ ಕತೆ ಅದಾಯಿತು. ಇನ್ನು ಅಡುಗೆಯಲ್ಲಿ ಸುಳ್ಳು ಹೇಳಿದ ಹೆಂಗಸಿನ ಕತೆ. ಅಗಾಥಾ ರೇಸಿನ್. ಲಂಡನ್ನಿನಲ್ಲಿ ಪ್ರಚಾರದ ಕಂಪನಿ ನಡೆಸಿ, ದುಡ್ಡು ಮಾಡಿ, ಬೇಗ ನಿವೃತ್ತಳಾಗಿ ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ನಡುವಿನ ಒಂದು ಹಳ್ಳಿಗೆ ಬರುತ್ತಾಳೆ. ಹಳ್ಳಿಯ ಜನ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಹೇಳುತ್ತಾರೆ, ಅಷ್ಟೇ. ಒಳಗೆ ಬಿಟ್ಟುಕೊಳ್ಳುವುದಿಲ್ಲ. ಊರಿನಲ್ಲಿ ಕೀಶ್ ಮಾಡುವ ಸ್ಪರ್ಧೆ ನಡೆಯುತ್ತದೆ. ಕೀಶ್ ಎಂದರೆ ಮೊಟ್ಟೆ, ಕೆನೆ, ಸೊಪ್ಪು ತುಂಬಿದ, ಮೇಲೆ ಮುಚ್ಚಳವಿಲ್ಲದ ಪೈ. ಗೆದ್ದರೆ ಊರಿನವಳಾಗಿಬಿಡಬಹುದು. ಇವಳಿಗೆ ಅಡುಗೆ ಬರುವುದಿಲ್ಲ. ಲಂಡನ್ನಿನ ಅಂಗಡಿಯಿಂದ ಒಂದು ಕೀಶ್ ಕೊಂಡು ತಂದು ನಾನೇ ಮಾಡಿದ್ದು ಎಂದು ಇಡುತ್ತಾಳೆ. ತೀರ್ಪುಗಾರ ಅದನ್ನು ತಿಂದು ಸಾಯುತ್ತಾನೆ. ವಿಷ ಹಾಕಿದವರು ಯಾರೆಂದು ಪತ್ತೆ ಮಾಡದೆ ಅವಳಿಗೆ ಉಳಿಗಾಲವಿಲ್ಲ. ಪತ್ತೇದಾರಿಣಿಯಾಗುತ್ತಾಳೆ.

ಎಂ. ಸಿ. ಬೀಟನ್ 1992ರಲ್ಲಿ ಬರೆದ ಕಾದಂಬರಿ ಇದು. 2014ರ ಡಿಸೆಂಬರಿನಲ್ಲಿ ಟೀವಿಗೆ ಬಂತು. ಆಶ್ಲಿ ಜೆನ್‌ಸೆನ್ ಅಗಾಥಾ ಆಗಿದ್ದಾರೆ. ನೋಡುವಾಗ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆದರೆ ಒಂದು ಗಳಿಗೆ ಯೋಚಿಸಿ. ಅವಳು ಮಾಡಿದ ತಪ್ಪಾದರೂ ಏನು? ಪಂಕ್ತಿಯಲ್ಲಿ ತನಗೂ ಒಂದು ಎಲೆ ಹಾಕಲಿ ಎಂದು ಆಸೆಪಟ್ಟಳು. ಬಾಗಿಲು ಯಾವುದೆಂದು ಅವಳಿಗೆ ಸರಿಯಾಗಿಯೇ ಗೊತ್ತಾಗಿತ್ತು. ಹೊಸ ಊರಿನಲ್ಲಿ ಒಳಗೆ ಹೋಗುವ ದಾರಿ ಅಡುಗೆಮನೆಯ ಮೂಲಕವೇ ಇರುತ್ತದೆ.

ಇನ್ನೂ ಕೆಲವು ಹೆಸರು ಹೇಳಬಹುದು. 2021ರಲ್ಲಿ ಶುರುವಾದ ‘ವಿಟ್‌ಸ್ಟಬಲ್ ಪರ್ಲ್’ನಲ್ಲಿ ಕೆಂಟ್ ಕಡಲತೀರದ ಒಬ್ಬ ಹೆಂಗಸು ಮೀನಿನ ಊಟದ ಹೋಟೆಲನ್ನೂ ಪತ್ತೇದಾರಿ ಕಚೇರಿಯನ್ನೂ ಒಟ್ಟಿಗೆ ನಡೆಸುತ್ತಾಳೆ. 1997ರಿಂದ ಬರುತ್ತಿರುವ ‘ಮಿಡ್‌ಸೋಮರ್ ಮರ್ಡರ್ಸ್’ನ ಮೊದಲ ಇನ್ಸ್‌ಪೆಕ್ಟರ್ ಬಾರ್ನಬಿಗೆ ತನ್ನ ಹೆಂಡತಿಯ ಕೆಟ್ಟ ಅಡುಗೆಯೆಂದರೆ ಹೆದರಿಕೆ. ಇವುಗಳ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ನನ್ನ ಮನಸ್ಸು ಕ್ರ್ಯಾಬನ ಹೋಟೆಲಿಗೆ ಎಳೆಯುತ್ತಿದೆ. ಅಲ್ಲಿಗೇ ವಾಪಸು ಹೋಗೋಣ.

ಕ್ರ್ಯಾಬನ ಪಾತ್ರ ಮಾಡಿದವರು ರಿಚರ್ಡ್ ಗ್ರಿಫಿತ್ಸ್. ನಿಮ್ಮ ಮನೆಯ ಮಕ್ಕಳಿಗೆ ಅವರ ಮುಖ ಗೊತ್ತು. ಹ್ಯಾರಿ ಪಾಟರ್ ಚಿತ್ರಗಳಲ್ಲಿ ಹ್ಯಾರಿಯನ್ನು ಗೋಳು ಹುಯ್ದುಕೊಳ್ಳುವ ವೆರ್ನನ್ ಡರ್ಸ್ಲಿ ಚಿಕ್ಕಪ್ಪನಾದವರು ಅವರೇ. ಹುಟ್ಟಿದ್ದು 1947ರಲ್ಲಿ, ಈಶಾನ್ಯ ಇಂಗ್ಲೆಂಡಿನ ಥಾರ್ನಬಿಯಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮಗು ಮೊದಲು ಕಲಿತ ಭಾಷೆಗಳಲ್ಲಿ ಕೈಸನ್ನೆಯೂ ಒಂದು. ಬಾನುಲಿಯಲ್ಲಿ ಕೂತು ಮಾತಾಡುವ ನನಗೆ ಈ ಸಂಗತಿ ಬಹಳ ಕಾಡುತ್ತದೆ. ಮಾತಿಲ್ಲದೆ ಎಲ್ಲವನ್ನೂ ಹೇಳಬೇಕು. ಬೆರಳಿನಿಂದ, ಹುಬ್ಬಿನಿಂದ ಹೇಳಬೇಕು. ಎದುರಿಗಿರುವವರ ಮುಖವನ್ನು ಸದಾ ಓದುತ್ತಿರಬೇಕು. ಕ್ರ್ಯಾಬ್ ಅಡುಗೆ ಮಾಡುವಾಗ ಗ್ರಿಫಿತ್ಸ್ ಅವರ ಕೈಗಳನ್ನು ನೋಡಿದವರಿಗೆ ಆ ಮನೆಯ ಕಲಿಕೆ ಕಾಣುತ್ತದೆ ಎಂದು ನಾನು ನಂಬಿದ್ದೇನೆ. ಸಂದೇಹ ಬಂದವರನ್ನು ಪ್ರಶ್ನಿಸುವಾಗಲೂ ಕ್ರ್ಯಾಬ್ ಗದರಿಸುವುದಿಲ್ಲ. ಸುಮ್ಮನೆ ಮುಖ ನೋಡುತ್ತಾ ನಿಲ್ಲುತ್ತಾನೆ. ಗ್ರಿಫಿತ್ಸ್ 2013ರ ಮಾರ್ಚ್‌ನಲ್ಲಿ ತೀರಿಕೊಂಡರು.

ಕ್ರ್ಯಾಬನ ಸುತ್ತ ಇರುವವರ ಬಗ್ಗೆಯೂ ಹೇಳಬೇಕು. ಹೆಂಡತಿ ಮಾರ್ಗರೆಟ್. ಆ ಪಾತ್ರದಲ್ಲಿ ಮ್ಯಾಗಿ ಸ್ಟೀಡ್. ವೃತ್ತಿಯಲ್ಲಿ ಲೆಕ್ಕಪತ್ರದವಳು, ಹೋಟೆಲಿನ ಗಲ್ಲಾ ಲೆಕ್ಕವೂ ಅವಳದೇ. ಊಟ ಎಂದರೆ ಅವಳಿಗೆ ಗಾಡಿಗೆ ಹಾಕುವ ಪೆಟ್ರೋಲು. ಹೊಟ್ಟೆ ತುಂಬಿದರೆ ಆಯಿತು, ಏನಿದ್ದರೇನು. ಗಂಡ ಜೀವ ತೇದು ಮಾಡಿದ್ದನ್ನು ಅವಳ ನಾಲಿಗೆ ಗುರುತಿಸುವುದಿಲ್ಲ. ಆದರೂ ಇಬ್ಬರ ನಡುವೆ ಎಂಥ ಅಕ್ಕರೆ! ಅವನ ಅಡುಗೆಯ ರುಚಿ ಅವಳಿಗೆ ಹತ್ತದಿದ್ದರೂ, ಅಡುಗೆ ಅವನಿಗೆ ಏನು ಎಂಬುದು ಅವಳಿಗೆ ಗೊತ್ತು. ಅದಕ್ಕಾಗಿ ರಾತ್ರಿ ಕೂತು ಲೆಕ್ಕ ಸರಿದೂಗಿಸುತ್ತಾಳೆ. ಠಾಣೆಯ ಕಡೆಯಿಂದ ಸಾರ್ಜೆಂಟ್ ಸೋಫಿಯಾ ಕೇಂಬ್ರಿಜ್ ಇದ್ದಾಳೆ. ಚುರುಕು ಹುಡುಗಿ. ಕ್ರ್ಯಾಬನ ಜೊತೆ ತನಿಖೆಗೆ ಓಡಾಡುವವಳು.

ಕೊನೆಗೆ ಸ್ಟೀವ್ ಟರ್ನರ್. ಇವನ ಬಗ್ಗೆ ಹೇಳಲೆಂದೇ ನಾನು ಇಷ್ಟು ಹೊತ್ತು ಕಾದಿದ್ದು. ಜೋ ಡಟೀನ್ ಮಾಡಿದ ಪಾತ್ರ. ಕ್ರ್ಯಾಬನ ಅಡುಗೆಮನೆಯಲ್ಲಿ ಅವನು ಬಾಣಸಿಗ. ಅಡುಗೆ ಕಲಿತದ್ದು ಜೈಲಿನಲ್ಲಿ. ಶಿಕ್ಷೆ ಮುಗಿಸಿ ಹೊರಬಂದವನು. ಅಂಥವನಿಗೆ ಹೊರಗೆ ಯಾರು ಕೆಲಸ ಕೊಡುತ್ತಾರೆ? ಹಿಂದಿನ ಕತೆ ಕೇಳಿದ ಕೂಡಲೇ ಮುಖಗಳು ಬದಲಾಗುತ್ತವೆ. ಅವನಿಗೆ ಕೆಲಸ ಕೊಟ್ಟವನು ಒಬ್ಬ ಪೊಲೀಸ್.

ಪತ್ತೇದಾರಿ ಕತೆ ಎಂದರೆ ಬೇರ್ಪಡಿಸುವ ಕತೆ. ಹತ್ತು ಜನರಲ್ಲಿ ಒಬ್ಬನನ್ನು ಬೆರಳಿಟ್ಟು ತೋರಿಸಬೇಕು. ತೋರಿಸಿದ ಕ್ಷಣಕ್ಕೆ ಕತೆ ಮುಗಿಯುತ್ತದೆ. ಪೊಲೀಸ್ ಗಾಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಆ ಮನುಷ್ಯ ಏನಾದ? ಎಷ್ಟು ವರ್ಷ ಒಳಗಿದ್ದ? ಹೊರಗೆ ಬಂದ ದಿನ ಎಲ್ಲಿ ಉಂಡ? ನೂರಾರು ಕತೆಗಳಲ್ಲಿ ಯಾರೂ ಕೇಳುವುದಿಲ್ಲ. ನಾನು ಚಿಕ್ಕಂದಿನಿಂದ ಪತ್ತೇದಾರಿ ಕಾದಂಬರಿ ಓದುತ್ತಾ ಬಂದವನು, ನಾನೂ ಕೇಳಿರಲಿಲ್ಲ. ‘ಪೈ ಇನ್ ದ ಸ್ಕೈ’ ಆ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳದೆಯೇ ಉತ್ತರ ಕೊಟ್ಟಿತು. ಜೈಲಿನಿಂದ ಬಂದವನ ಕೈಗೆ ಒಂದು ಹರಿತವಾದ ಚಾಕು, ಈರುಳ್ಳಿಯ ಒಂದು ಬುಟ್ಟಿ ಕೊಟ್ಟಿತು.

ಈಗ ಮೊದಲು ಹೇಳಿದ ದೃಶ್ಯಕ್ಕೆ ಹೋಗಿ. ಫೋನು ಹೊಡೆದುಕೊಳ್ಳುತ್ತಿದೆ. ಆ ಕಡೆ ಫಿಷರ್ ಅವಸರ ಮಾಡುತ್ತಿದ್ದಾನೆ. ಹೊರಗೆ ಎಂಟು ಮೇಜು ತುಂಬಿವೆ. ಓವನ್ನಿನಲ್ಲಿ ಪೈಗಳ ಮೇಲ್ಪದರ ಈಗಷ್ಟೇ ಹೊಂಬಣ್ಣಕ್ಕೆ ತಿರುಗುತ್ತಿದೆ. ಇನ್ನು ಹತ್ತು ನಿಮಿಷ. ಹನ್ನೊಂದಾದರೆ ಅಂಚು ಸೀದುಹೋಗುತ್ತದೆ. ಇನ್ಸ್‌ಪೆಕ್ಟರ್ ಹೆನ್ರಿ ಕ್ರ್ಯಾಬ್ ಫೋನು ಇಡುತ್ತಾನೆ. ಏಪ್ರನ್ನಿನ ಗಂಟು ಬಿಚ್ಚುತ್ತಾನೆ. ಕೋಟು ಹಾಕಿಕೊಳ್ಳುತ್ತಾನೆ. ಬಾಗಿಲ ಹತ್ತಿರ ಒಮ್ಮೆ ನಿಂತು ತಿರುಗಿ ನೋಡುತ್ತಾನೆ. ಒಲೆಯ ಮುಂದೆ ಆಗಲೇ ಸ್ಟೀವ್ ಬಂದು ನಿಂತಿದ್ದಾನೆ. ಬಟ್ಟೆಯನ್ನು ಕೈಗೆ ಸುತ್ತಿಕೊಂಡಿದ್ದಾನೆ, ಕಣ್ಣು ಗಡಿಯಾರದ ಮೇಲಿದೆ.